ಪಕ್ಕದ ಮನೆಗೆ ಏಳು ಸೆಕೆಂಡು ಮೊದಲು

ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತೊಂದು ನಿಮಿಷ. ನನ್ನ ಡೈರಿಯ ಆ ಪುಟ ಶುರುವಾಗುವುದೇ ಹೀಗೆ. ಅದರ ಕೆಳಗೆ "ನಮ್ಮ ಮನೆಯ ಹಾಲಿನಲ್ಲಿ ಜಯಮ್ಮ ಮತ್ತು ಅಮ್ಮ. ನಾನು ಶ್ಯಾಮರಾಯರ ಮನೆಯಲ್ಲಿ. ಹಸಿರು ಫೈಲು ಒಂದು, ಕೆಂಪು ಫೈಲು ಒಂದು. ಕೈ ಬೆವರುತ್ತಿದೆ" ಎಂದಿದೆ. ಕೈ ಬೆವರುವುದನ್ನೆಲ್ಲ ಯಾರಾದರೂ ಬರೆದಿಡುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಬರೆದಿಡುತ್ತೇನೆ. ಕೆಲವರಿಗೆ ಉಗುರು ಕಚ್ಚುವ ಚಟ ಇದ್ದ ಹಾಗೆ ನನಗೆ ಗುರುತು ಹಾಕುವ ಚಟ. ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬಂತು, ತಿಂಗಳಲ್ಲಿ ಎಷ್ಟು ಸಲ ಹಾಲು ಉಕ್ಕಿತು, ಅಮ್ಮ "ಐದೇ ನಿಮಿಷ, ಬಂದೆ" ಎಂದಾಗ ನಿಜವಾಗಿ ಎಷ್ಟು ನಿಮಿಷಕ್ಕೆ ಬಂದಳು, ಎಲ್ಲಕ್ಕೂ ನನ್ನಲ್ಲಿ ಒಂದೊಂದು ಅಂಕಣವಿದೆ. ಕೊನೆಯದರ ಸರಾಸರಿ ಹತ್ತೊಂಬತ್ತು ನಿಮಿಷ. ಇದನ್ನು ಅಮ್ಮನಿಗೆ ತೋರಿಸಿದ ದಿನ ಅವಳು, "ಇವಳಿಗೆ ಮದುವೆ ಮಾಡಿದರೆ ಗಂಡನ ಹಣೆಗೂ ಚೀಟಿ ಅಂಟಿಸ್ತಾಳೆ" ಎಂದಳು. ಅವಳು ಹಾಗೆನ್ನುವುದಕ್ಕೂ ಕಾರಣವಿದೆ. ನಾನು ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿಗಳ ಗುಣಮಟ್ಟ ನೋಡುವವಳು. ಸರಿಯಿದ್ದರೆ ಹಸಿರು ಚೀಟಿ, ಸರಿಯಿಲ್ಲದಿದ್ದರೆ ಕೆಂಪು ಚೀಟಿ. ದಿನಕ್ಕೆ ಎಂಟು ಗಂಟೆ ಈ ಕೆಲಸ ಮಾಡಿದವರಿಗೆ ಮನೆಗೆ ಬಂದ ಮೇಲೂ ಜಗತ್ತು ಎರಡೇ ಬಣ್ಣದಲ್ಲಿ ಕಾಣುತ್ತದೆ.

ವಿಷಯ ಟಿವಿಯದು. ಈ ವರ್ಷ ನಮ್ಮ ಮನೆಗೆ ಎಚ್‌ಡಿ ಬಾಕ್ಸ್ ಬಂತು. ನಾನೇ ಹಟ ಮಾಡಿ ಕೇಬಲ್‌ನವರಿಂದ ಹಾಕಿಸಿದ್ದು. ದೊಡ್ಡ ದೊಡ್ಡ ದೇಶಗಳು ಆಡುವ ಆಟಕ್ಕೆ ಎಚ್‌ಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವರ ಮುಖ ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನಲ್ಲಿಯೇ ಸಾಕಷ್ಟು ನೋಡಿರುತ್ತೇವೆ. ಆದರೆ ರಾಜ್ಯದ ಟಿ-ಟ್ವೆಂಟಿ ಲೀಗಿನಲ್ಲಿ ಆಡುವ ನಮ್ಮೂರಿನ ತಂಡದ ವಿಷಯ ಬೇರೆ. ಅಲ್ಲಿ ಬೌಂಡರಿ ಗೆರೆಯ ಹತ್ತಿರ ನಿಂತವನು ಹೋದ ವಾರ ನಮ್ಮ ರಸ್ತೆಯ ದೋಸೆ ಹೋಟೆಲಿನಲ್ಲಿ ನಮ್ಮ ಮುಂದೆಯೇ ಸಾಲಿನಲ್ಲಿ ನಿಂತಿದ್ದವನು. ಸಾದಾ ಚಾನೆಲಿನಲ್ಲಿ ಅವರೆಲ್ಲ ಒಂದೇ ಬಣ್ಣದ ಇರುವೆಗಳ ಹಾಗೆ ಓಡಾಡುತ್ತಿದ್ದರು. ಎಚ್‌ಡಿ ಬಂದ ಮೊದಲ ದಿನವೇ ಅವರಿಗೆ ಕಿವಿ, ಮೂಗು, ಮೊಡವೆ ಎಲ್ಲ ಬಂದವು. ವಿಕೆಟ್ ಕೀಪರ್ ಎರಡು ದಿನದಿಂದ ಗಡ್ಡ ಬೋಳಿಸಿಲ್ಲ ಎಂಬುದು ಲಕ್ಷ್ಮೀಪುರಂನ ನಮ್ಮ ಹಾಲಿನಲ್ಲಿ ಕೂತ ಅಮ್ಮನಿಗೆ ತಿಳಿಯಿತು. "ಪಾಪ, ಊಟ ಸರಿಯಾಗಿ ಹಾಕ್ತಾರೋ ಇಲ್ವೋ" ಎಂದು ಅವಳು ಅವತ್ತಿನಿಂದ ಕ್ರಿಕೆಟ್ ನೋಡತೊಡಗಿದಳು.

ಸಂತೋಷ ಎರಡು ದಿನ ಇತ್ತು. ಮೂರನೆಯ ದಿನ, ನಮ್ಮ ಬೌಲರ್ ಇನ್ನೂ ಓಡಿ ಬರುತ್ತಿದ್ದಾನೆ, ಚೆಂಡು ಇನ್ನೂ ಅವನ ಕೈಯಲ್ಲಿದೆ, ಪಕ್ಕದ ಮನೆಯಿಂದ "ಔಟ್! ಔಟ್!" ಎಂಬ ಕೂಗು ಬಂತು. ಆಮೇಲೆ ನಿಧಾನವಾಗಿ ನಮ್ಮ ಟಿವಿಯಲ್ಲಿ ಅವನು ಚೆಂಡು ಬಿಟ್ಟ, ಅದು ಹೋಯಿತು, ವಿಕೆಟ್ ಬಿತ್ತು. ಪಕ್ಕದ ಮನೆಯ ಶ್ಯಾಮರಾಯರು ನಿವೃತ್ತ ಲೆಕ್ಕದ ಮೇಷ್ಟರು, ವಯಸ್ಸು ಎಪ್ಪತ್ತೊಂದು, ಒಬ್ಬರೇ ಇರುತ್ತಾರೆ. ಅವರದು ಹಳೆಯ ಟಿವಿ, ಸಾದಾ ಚಾನೆಲ್. ಅವರ ಹಾಲಿನ ಕಿಟಕಿಯೂ ನಮ್ಮ ಹಾಲಿನ ಕಿಟಕಿಯೂ ಎದುರುಬದುರು. ಮಧ್ಯೆ ಒಂದು ಮೋಟು ಕಾಂಪೌಂಡು, ಒಂದು ಕರಿಬೇವಿನ ಗಿಡ. ಅವರು ಅಲ್ಲಿ ಕೆಮ್ಮಿದರೆ ಅಮ್ಮ ಇಲ್ಲಿ ಶುಂಠಿ ಜಜ್ಜುತ್ತಾಳೆ. ಅಂಥ ಕಿಟಕಿಯಿಂದ ದಿನವೂ ಮುಂದಾಗುವುದೆಲ್ಲ ನಮಗೆ ಮುಂಚೆಯೇ ತಿಳಿಯತೊಡಗಿತು. ನಾನು ಹೋಗಿ ಕೇಳಿದರೆ ಅವರೇ ನನ್ನನ್ನು ಕೇಳಿದರು:

"ಏನಮ್ಮಾ ವಾಣಿ, ನಾನು ಕೂಗಿ, ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡ ಮೇಲೆ ನಿಮ್ಮನೇಲಿ ಕೂಗ್ತೀರಲ್ಲ! ಬೆಂಗಳೂರಲ್ಲಿ ಆಡೋ ಮ್ಯಾಚು ನಿಮ್ಮ ಮನೆಗೆ ಮೈಸೂರು ದಾಟಿ ಕಡಕೊಳ ಸುತ್ಕೊಂಡು ಬರುತ್ತೇನು?"

ಕೇಬಲ್‌ನವರಿಗೆ ಫೋನ್ ಮಾಡಿದೆ. ಅವರು ಸ್ವಲ್ಪವೂ ಯೋಚಿಸದೆ, "ಎಚ್‌ಡಿ ಅಂದ್ರೆ ಪಿಕ್ಚರ್ ತೂಕ ಜಾಸ್ತಿ ಮೇಡಂ. ತೂಕದ್ದು ನಿಧಾನಕ್ಕೇ ಬರೋದು" ಎಂದರು. ಇದಕ್ಕೆ ಪರಿಹಾರವಿಲ್ಲವೇ ಎಂದರೆ, "ಇದೆಯಲ್ಲ, ಸಾದಾ ಹಾಕ್ಕೊಳಿ" ಎಂದರು. ಪಿಕ್ಚರಿಗೆ ತೂಕವಿರುತ್ತದೆ ಎಂಬುದನ್ನು ನನ್ನ ಬುದ್ಧಿ ಒಪ್ಪಲಿಲ್ಲ. ಆದರೆ ತಡ ಇರುವುದು ಸುಳ್ಳಲ್ಲವಲ್ಲ. ಇದ್ದ ಮೇಲೆ ಅಳೆಯದೆ ಬಿಡುವುದುಂಟೇ? ಹದಿನಾಲ್ಕು ದಿನ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಲವತ್ತೊಂದು ಸಲ ಅಳೆದೆ. ರಾಯರು ಕೂಗಿದಾಗ ಒತ್ತುವುದು, ನಮ್ಮಲ್ಲಿ ಕಂಡಾಗ ನಿಲ್ಲಿಸುವುದು. ಎಪ್ಪತ್ತೊಂದು ವರ್ಷದ ಗಂಟಲಿನಿಂದ ಕೂಗು ಹೊರಡುವುದಕ್ಕೆ ಹಿಡಿಯುವ ಅರ್ಧ ಸೆಕೆಂಡನ್ನೂ ಸೇರಿಸಿಕೊಂಡೆ. ಸರಾಸರಿ ಏಳು ಸೆಕೆಂಡು. ಪುಟದ ಕೆಳಗೆ ಎರಡು ಗೆರೆ ಎಳೆದು ಸಹಿ ಮಾಡಿದೆ. ಈ ಏಳು ಸೆಕೆಂಡಿನಿಂದ ಜಗತ್ತಿಗೇನು ಉಪಯೋಗ ಎಂದು ಅಮ್ಮ ಕೇಳಿದಳು.

ಉತ್ತರ ಮಹಡಿಯ ಮೇಲಿಂದ ಬಂತು. ನಮ್ಮ ಮಹಡಿ ಮನೆಯಲ್ಲಿ ಆರು ವರ್ಷದಿಂದ ಬಾಡಿಗೆಗೆ ಇರುವವರು ಜಯಮ್ಮ. ಕಡಕೊಳದ ಆಚೆಯ ಹಳ್ಳಿಯವರು. ಗಂಡ ಊರಿನಲ್ಲಿ ಹೊಲ ನೋಡಿಕೊಳ್ಳುತ್ತಾರೆ, ಇವರು ಇಲ್ಲಿ ರವಿಕೆ ಹೊಲಿಯುತ್ತಾರೆ. ಅರ್ಧ ಲಕ್ಷ್ಮೀಪುರಂನ ಹೆಂಗಸರ ಅಳತೆ ಅವರ ಬಾಯಲ್ಲೇ ಇದೆ, ಆದರೆ ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಿದವರಲ್ಲ. ಅವರ ಮಗ ಚೇತನ್, ಇಪ್ಪತ್ತೆರಡು ವರ್ಷದವನು, ಜೋರಾಗಿ ಓಡಿ ಬಂದು ಜೋರಾಗಿ ಬೌಲ್ ಮಾಡುವವನು. ಈ ವರ್ಷ ನಮ್ಮೂರಿನ ತಂಡ ಅವನನ್ನು ತೆಗೆದುಕೊಂಡಿತ್ತು. ತೆಗೆದುಕೊಂಡದ್ದಷ್ಟೇ. ಇಡೀ ಲೀಗಿನಲ್ಲಿ ಅವನು ತಂಡದ ಹಳದಿ ಅಂಗಿ ತೊಟ್ಟು ಬೇರೆಯವರಿಗೆ ನೀರಿನ ಬಾಟಲಿ ಕೊಟ್ಟು ಬರುತ್ತಿದ್ದ. ಎಚ್‌ಡಿಯಲ್ಲಿ ಆ ಬಾಟಲಿಯ ಮುಚ್ಚಳ ಕೂಡ ಚೆನ್ನಾಗಿ ಕಾಣುತ್ತಿತ್ತು.

ಜಯಮ್ಮ ಅದನ್ನೂ ನೋಡುತ್ತಿರಲಿಲ್ಲ. ನಾಲ್ಕು ವರ್ಷದ ಕೆಳಗೆ ಮಗನ ಆಟ ನೋಡಲು ಮೊದಲ ಸಲ ಮೈದಾನಕ್ಕೆ ಹೋಗಿದ್ದರು. ಹೋಗಿ ಕೂತ ಕಾಲು ಗಂಟೆಯಲ್ಲಿ, ಅವರ ಕಣ್ಣೆದುರೇ, ಅವನು ಕ್ಯಾಚಿಗೆಂದು ನೆಗೆದು ಬಿದ್ದು ಎಡಭುಜದ ಮೂಳೆ ಮುರಿದುಕೊಂಡ. "ನನ್ನ ಕಣ್ಣೇ ತಾಗ್ತು ಕಣವ್ವ" ಎಂದು ಅವರು ಅವತ್ತಿನಿಂದ ಮಗ ಆಡುವುದನ್ನು ನೋಡಿಲ್ಲ. ಮ್ಯಾಚು ನಡೆಯುವ ಹೊತ್ತಿನಲ್ಲಿ ಮೇಲೆ ಹೊಲಿಗೆ ಮಿಷನ್ ಸದ್ದು ಕೇಳುತ್ತಿರುತ್ತದೆ. ಒಮ್ಮೆ ನಾನು ಮೇಲೆ ಹೋಗಿ ನೋಡಿದರೆ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಬರಿದೇ ತುಳಿಯುತ್ತಿದ್ದರು.

ಶನಿವಾರ ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಚೇತನ್ ನನಗೆ ಫೋನ್ ಮಾಡಿದ. ನಾಳೆ ಲೀಗಿನ ಕೊನೆಯ ಪಂದ್ಯ, ಒಬ್ಬ ಬೌಲರಿನ ಕಾಲು ಉಳುಕಿದೆ, ತನ್ನನ್ನು ಆಡಿಸುತ್ತಾರೆ ಎಂದ. ಮುಂದಿನ ವರ್ಷ ತಂಡದಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಈ ಒಂದು ಪಂದ್ಯ ನೋಡಿಯೇ ತೀರ್ಮಾನ. ಆದರೆ ಅವನು ಫೋನ್ ಮಾಡಿದ್ದು ಅದಕ್ಕಲ್ಲ.

"ಅಕ್ಕಾ, ಅಮ್ಮಂಗೆ ಹೇಳಿ. ಒಂದ್ಸಲ ನೋಡಲಿ. ನಾನು ಆಡ್ತಾ ಇರೋವಾಗ್ಲೇ ನೋಡಲಿ. ಇನ್ನೊಂದ್ಸಲ ಆಡಿಸ್ತಾರೋ ಇಲ್ವೋ ಯಾರಿಗೆ ಗೊತ್ತು? ಬಂದ ಮೇಲೆ ಎಷ್ಟು ಬಾಲ್ ನೋಡ್ದೆ ಅಂತ ಕೇಳ್ತೀನಿ. ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ."

ನಾನು ಮೇಲೆ ಹೋಗಿ ಹೇಳಿದೆ. ಜಯಮ್ಮ ಕತ್ತರಿ ಕೆಳಗಿಟ್ಟರು. "ನಂಗೂ ಆಸೆ ಇಲ್ವೇನವ್ವ? ಆದ್ರೆ ಎಂಗೆ ನೋಡ್ಲಿ? ಈ ಬಾಲಿಗೆ ಏನೂ ಆಗಲ್ಲ ಅಂತ ಮೊದ್ಲೇ ಯಾರಾದ್ರೂ ಹೇಳಿದ್ರೆ ಧೈರ್ಯವಾಗಿ ನೋಡ್ತೀನಿ. ಅಂಗೆ ಹೇಳೋರು ಯಾರವ್ರೆ?"

ಇದ್ದೆನಲ್ಲ ನಾನು! ನಲವತ್ತೊಂದು ಅಳತೆ, ಎರಡು ಗೆರೆ, ಸಹಿ ಸಮೇತ ಇದ್ದೆ. ರಾಯರ ಟಿವಿಯಲ್ಲಿ ನಾನು ಮೊದಲು ನೋಡುವುದು, ಒಳ್ಳೆಯದಾದರೆ ಕಿಟಕಿಯಲ್ಲಿ ಹಸಿರು ಫೈಲು ಎತ್ತುವುದು, ಜಯಮ್ಮ ನಮ್ಮ ಎಚ್‌ಡಿಯ ಕಡೆ ಕಣ್ಣು ತಿರುಗಿಸುವುದು. ಕೆಟ್ಟದಾದರೆ ಕೆಂಪು ಫೈಲು, ಕಣ್ಣು ಮುಚ್ಚುವುದು. ನಾನು ವಿವರಿಸಿದ್ದನ್ನು ಅವರು ಪೂರ್ತಿ ಕೇಳಿದರು.

"ಅಂದ್ರೆ ರಾಯರ ಮನೇಲಿ ಒಂದ್ಸಲ ಆಡ್ಬುಟ್ಟು ಆಮೇಲೆ ನಿಮ್ಮನೇಲಿ ಆಡ್ತಾರಾ?"

"ಇಲ್ಲ ಜಯಮ್ಮ, ಆಡೋದು ಒಂದೇ ಸಲ, ಬೆಂಗಳೂರಲ್ಲಿ. ನಮ್ಮ ಟಿವಿಗೆ ಏಳು ಸೆಕೆಂಡು ತಡವಾಗಿ ಬರುತ್ತೆ, ಅಷ್ಟೇ."

"ಅಂಗಾದ್ರೆ ನಾನು ನೋಡೋದು ಆಗೋಗಿರೋದಾ?"

ನಾನು ಸಿಕ್ಕಿಬಿದ್ದೆ. ಅವನು ಕೇಳಿದ್ದು ಆಡುತ್ತಿರುವಾಗಲೇ ನೋಡಬೇಕು ಎಂದು. ಜಯಮ್ಮ ತಾವೇ ಒಂದು ತೀರ್ಪು ಕೊಟ್ಟರು: "ಏಳು ಸೆಕೆಂಡು ತಾನೇ, ಬುಡು. ಸೂಜಿಗೆ ದಾರ ಪೋಣ್ಸೋಷ್ಟು ಹೊತ್ತು. ಅದನ್ನ ಆಗೋಗಿರೋದು ಅನ್ನೋಕಾಗಲ್ಲ." ಅಷ್ಟು ಕಷ್ಟಪಡುವುದೇಕೆ, ಗೆದ್ದರೆ ಆಮೇಲೆ ಹೈಲೈಟ್ಸ್ ಹಾಕುತ್ತಾರೆ, ನಿಶ್ಚಿಂತೆಯಾಗಿ ನೋಡಬಹುದಲ್ಲ ಎಂದು ಅಮ್ಮ ಕೆಳಗಿನಿಂದಲೇ ಕೂಗಿದಳು. "ಅದು ಊಟ ಮುಗಿದ ಮೇಲೆ ಎಲೆ ನೋಡ್ದಂಗೆ ಅಲ್ವಾ ಅಕ್ಕ?" ಎಂದು ಇವರು ಮೇಲಿನಿಂದಲೇ ಉತ್ತರಿಸಿದರು.

ನಿಯಮಗಳನ್ನು ಬರೆದೆ. ಕಾರ್ಖಾನೆಯಲ್ಲಿ ಒಂದು ಪದ್ಧತಿಯಿದೆ. ಚೀಟಿಯೇ ಇಲ್ಲದ ಮಾಲು ಎಲ್ಲಾದರೂ ಕಂಡರೆ ಅದನ್ನು ಕೆಂಪು ಚೀಟಿಯ ಮಾಲೆಂದೇ ತಿಳಿಯಬೇಕು. ಅದನ್ನೂ ಸೇರಿಸಿದೆ: ಯಾವ ಫೈಲೂ ಕಾಣದಿದ್ದರೆ ಕಣ್ಣು ಮುಚ್ಚತಕ್ಕದ್ದು. ಒಂದು ರನ್ ಕೊಟ್ಟರೆ ಯಾವ ಬಣ್ಣ ಎಂಬುದರ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಒಂದಕ್ಕೆ ಹಸಿರು, ಎರಡು ಮತ್ತು ಮೇಲ್ಪಟ್ಟು ಕೆಂಪು ಎಂದು ಇತ್ಯರ್ಥವಾಯಿತು. ಶನಿವಾರ ಸಂಜೆ ಬೇರೆ ಊರುಗಳ ಪಂದ್ಯ ಹಾಕಿ ಇಪ್ಪತ್ತು ಬಾಲಿನ ತಾಲೀಮು ನಡೆಸಿದೆ. ಹತ್ತೊಂಬತ್ತು ಸರಿಯಾಯಿತು. ಒಂದು ಸಲ ಕೆಂಪು ಎತ್ತಿದರೂ ಜಯಮ್ಮ ನೋಡುತ್ತಲೇ ಇದ್ದರು. ಕೇಳಿದರೆ, "ಯಾರ ಮಗನೋ, ನನ್ನ ಮಗ ಅಲ್ವಲ್ಲ" ಎಂದರು. ಇನ್ನು ಶ್ಯಾಮರಾಯರನ್ನು ಒಪ್ಪಿಸುವುದಿತ್ತು. ಅವರು ಕೂಗಿದರೆ ಫೈಲುಗಳಿಗೆ ಕೆಲಸವೇ ಇಲ್ಲ. "ನನ್ನ ಮನೇಲಿ, ನನ್ನ ಟಿವಿ ಮುಂದೆ, ನಾನೇ ಮೌನವ್ರತ ಮಾಡಬೇಕೇನಮ್ಮ?" ಎಂದರು. ವಿಷಯ ಹೇಳಿದೆ. ಅವರು ಒಳಗೆ ಹೋಗಿ ಒಂದು ಕೈವಸ್ತ್ರ ತಂದು ತೋರಿಸಿದರು. "ತಡೆಯೋಕಾಗದಿದ್ರೆ ಇದನ್ನ ಬಾಯಿಗೆ ತುರುಕಿಕೊಳ್ತೀನಿ. ಹೋಗು."

ಹೀಗೆ ಭಾನುವಾರ ಎರಡು ನಲವತ್ತೊಂದಕ್ಕೆ ನಾನು ಫೈಲುಗಳೊಂದಿಗೆ ರಾಯರ ಕಿಟಕಿಯಲ್ಲಿದ್ದೆ. ನಮ್ಮ ಕಿಟಕಿಯಲ್ಲಿ ಜಯಮ್ಮನ ಮುಖ. ನಮ್ಮ ಟಿವಿ ಇರುವುದು ಕಿಟಕಿಯ ಪಕ್ಕದ ಗೋಡೆಗೆ, ಅದು ನನಗೆ ಕಾಣುವುದಿಲ್ಲ. ಅವರ ಪಕ್ಕ ಅಮ್ಮ, ಕೈಯಲ್ಲಿ ಪುಸ್ತಕ. ನೋಡಿದ ಬಾಲಿಗೆ ಸರಿ ಗುರುತು, ನೋಡದ ಬಾಲಿಗೆ ಸೊನ್ನೆ. ಮೊದಲು ಬ್ಯಾಟ್ ಮಾಡಿದವರು ನಮ್ಮವರೇ ಆದ್ದರಿಂದ ಐದು ಗಂಟೆಯ ತನಕ ಯಾವ ಫೈಲಿಗೂ ಕೆಲಸ ಬೀಳಲಿಲ್ಲ. ಆದರೂ ಜಯಮ್ಮ ಒಂದು ಸಲವೂ ಎದ್ದು ಹೋಗಲಿಲ್ಲ. ಕಾಫಿ ಹಾಗೇ ಆರಿತು. ಎದುರಾಳಿಗಳ ಏಳನೆಯ ಓವರಿಗೆ ಕ್ಯಾಪ್ಟನ್ ಚೇತನ್ ಕೈಗೆ ಚೆಂಡು ಕೊಟ್ಟ. ರಾಯರ ಟಿವಿಯಲ್ಲಿ ಅವನೊಂದು ಹಳದಿ ಚುಕ್ಕೆ. ಏಳು ಸೆಕೆಂಡಿನ ಮೇಲೆ ನಮ್ಮ ಹಾಲಿನಿಂದ ಅಮ್ಮನ ದನಿ ಬಂತು.

"ಅಯ್ಯೋ ನೋಡಿ ಜಯಮ್ಮ, ಕತ್ತಿನ ಮಚ್ಚೆ ಕೂಡ ಕಾಣ್ತಿದೆ!"

"ಕಾಲರ್ ಹೊಲಿಗೆ ಬಿಟ್ಟದೆ ನೋಡ್ರಕ್ಕ. ಯಾರು ಹೊಲ್ದೋರೋ, ಎರಡು ಸಲ ಹೊಡೀಬೇಕಿತ್ತು."

ಮೊದಲ ಬಾಲಿಗೇ ಬೌಂಡರಿ. ಕೆಂಪು. ಜಯಮ್ಮ ಕಣ್ಣು ಮುಚ್ಚಿದರು, ಕಣ್ಣಷ್ಟೇ ಅಲ್ಲ, ಸೆರಗಿನಿಂದ ಮುಖವನ್ನೇ ಮುಚ್ಚಿದರು. ಎರಡನೆಯದಕ್ಕೂ ಬೌಂಡರಿ. ಫೈಲು ಎತ್ತುವ ಕೈಗೆ ಅಪರಾಧಿಯ ಕೈಯ ಭಾರ ಬಂತು. ಅವನು ರನ್ ಕೊಡುತ್ತಿರುವುದು ಅಲ್ಲಿ, ನಾನು ಕೊಡಿಸುತ್ತಿರುವ ಹಾಗೆ ನಾಚಿಕೆ ಇಲ್ಲಿ. ಎರಡು ಓವರ್ ಮುಗಿಯುವ ಹೊತ್ತಿಗೆ ಅಮ್ಮನ ಪುಸ್ತಕದಲ್ಲಿ ಹನ್ನೆರಡು ಬಾಲಿಗೆ ಐದು ಸರಿ ಗುರುತು, ಏಳು ಸೊನ್ನೆ. ಕ್ಯಾಪ್ಟನ್ ಅವನನ್ನು ಬೌಂಡರಿ ಗೆರೆಗೆ ಕಳಿಸಿದ. "ಮುಗೀತಾ?" ಎಂದು ಜಯಮ್ಮ ಕಿಟಕಿಯಿಂದ ಕೇಳಿದರು. ಗೊತ್ತಿಲ್ಲ ಎಂದು ಕೈಯಾಡಿಸಿದೆ. ಅದಕ್ಕೆ ಯಾವ ಬಣ್ಣದ ಫೈಲೂ ಇರಲಿಲ್ಲ.

ಆರು ಗಂಟೆ ನಾಲ್ಕು ನಿಮಿಷ. ಕೊನೆಯ ಓವರ್, ಅವರಿಗೆ ಗೆಲ್ಲಲು ಒಂಬತ್ತು ರನ್. ನಮ್ಮ ಒಳ್ಳೆಯ ಬೌಲರುಗಳ ಪಾಲಿನ ಓವರುಗಳೆಲ್ಲ ಮುಗಿದಿದ್ದವು. ಕ್ಯಾಪ್ಟನ್ ಸುತ್ತ ನೋಡಿ, ದೂರದಿಂದ ಹಳದಿ ಚುಕ್ಕೆಯೊಂದನ್ನು ಕರೆದ. ಶ್ಯಾಮರಾಯರು ಕೈವಸ್ತ್ರವನ್ನು ಬಾಯಿಗಿಟ್ಟುಕೊಂಡರು. ನನ್ನ ನಾಡಿ ನೋಡಿಕೊಂಡೆ, ನಿಮಿಷಕ್ಕೆ ನೂರ ಹದಿನೆಂಟು. ಬರೆದುಕೊಂಡೆ.

ಮೊದಲ ಬಾಲು, ರನ್ ಇಲ್ಲ. ಹಸಿರು. ಎರಡನೆಯದು ಬೌಂಡರಿ. ಕೆಂಪು. ಇನ್ನು ಐದು ರನ್. ಮೂರನೆಯದಕ್ಕೆ ಒಂದು ರನ್, ಹಸಿರು. ನಾಲ್ಕನೆಯದಕ್ಕೆ ವಿಕೆಟ್ ಹಾರಿತು. ನಾನು ಹಸಿರು ಫೈಲನ್ನು ಎಷ್ಟು ಜೋರಾಗಿ ಎತ್ತಿದೆನೆಂದರೆ ಅದರೊಳಗಿದ್ದ ಹಳೆಯ ಕರೆಂಟ್ ಬಿಲ್ಲುಗಳು ಕರಿಬೇವಿನ ಗಿಡದ ಮೇಲೆ ಬಿದ್ದವು. ಏಳು ಸೆಕೆಂಡಾದ ಮೇಲೆ ಜಯಮ್ಮ ನಕ್ಕ ಸದ್ದು ಕೇಳಿತು. ಆರು ವರ್ಷದಲ್ಲಿ ಅಂಥ ನಗು ನಾನು ಕೇಳಿರಲಿಲ್ಲ. ಐದನೆಯದಕ್ಕೆ ಎರಡು ರನ್, ಕೆಂಪು. ಉಳಿದದ್ದು ಒಂದು ಬಾಲು, ಎರಡು ರನ್.

ಈಗ ನಾನು ಹೇಳುವುದನ್ನು ನಿಧಾನವಾಗಿ ಕೇಳಿ. ನಡೆದದ್ದು ಬಹಳ ಬೇಗ. ಚೇತನ್ ಓಡಿ ಬಂದು ಚೆಂಡು ಬಿಟ್ಟ. ಬ್ಯಾಟ್ಸ್‌ಮನ್ ಅದನ್ನು ನೇರವಾಗಿ, ಬೌಲರಿನ ಎಡಪಕ್ಕಕ್ಕೆ, ಆಳೆತ್ತರದಲ್ಲಿ ಬಾರಿಸಿದ. ಹಳದಿ ಚುಕ್ಕೆ ಗಾಳಿಯಲ್ಲಿ ಉದ್ದವಾಯಿತು. ಚೆಂಡು ಅದರ ಕೈಗೆ ಸಿಕ್ಕಿತು. ಅಂಪೈರ್ ಬೆರಳೆತ್ತಿದ. ಗೆದ್ದೆವು. ಅದು ಹಸಿರು. ಆದರೆ ಚುಕ್ಕೆ ಬಿದ್ದದ್ದು ಎಡಭುಜದ ಮೇಲೆ. ಬಿದ್ದದ್ದು ಅಲ್ಲಾಡಲಿಲ್ಲ. ಬೇರೆ ಚುಕ್ಕೆಗಳು ಕುಣಿಯುತ್ತಾ ಅದರ ಕಡೆ ಓಡಿ ಬಂದು, ಹತ್ತಿರ ಬಂದು, ಕುಣಿಯುವುದನ್ನು ನಿಲ್ಲಿಸಿದವು. ಅದು ಕೆಂಪು. ನನ್ನ ಎರಡು ಕೈಯಲ್ಲೂ ಫೈಲುಗಳಿದ್ದವು. ನಿಯಮ ಪುಸ್ತಕದಲ್ಲಿ ಒಂದೇ ಬಾಲು ಎರಡೂ ಆಗಬಹುದು ಎಂದು ಎಲ್ಲೂ ಬರೆದಿರಲಿಲ್ಲ. ಎದುರಿನ ಕಿಟಕಿಯಲ್ಲಿ ಜಯಮ್ಮನ ಮುಖ ನನ್ನ ಕೈಗಳನ್ನೇ ನೋಡುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಇನ್ನೊಬ್ಬರ ಕಣ್ಣು ಮುಚ್ಚಿಸುವ ಕೆಲಸಕ್ಕೆ ಕೂತವಳು ನಾನು. ಎಷ್ಟು ಹೊತ್ತು ಮುಚ್ಚಿದ್ದೆ ಎಂಬುದಕ್ಕೆ ಅಳತೆಯಿಲ್ಲ. ಯಾರೋ ನನ್ನ ಭುಜ ಅಲುಗಿಸಿ, "ಎದ್ದ ಕಣಮ್ಮಾ, ಎದ್ದ, ಎದ್ದ" ಎಂದು ಪಿಸುಗುಟ್ಟಿದರು. ರಾಯರು. ಕಣ್ಣು ಬಿಟ್ಟರೆ ಟಿವಿಯಲ್ಲಿ ಚುಕ್ಕೆಗಳೆಲ್ಲ ಒಂದರ ಮೇಲೊಂದು ಬಿದ್ದು ದೊಡ್ಡ ಹಳದಿ ಮುದ್ದೆಯಾಗಿತ್ತು. ಎದುರಿನ ಕಿಟಕಿಯಲ್ಲಿ ಜಯಮ್ಮನ ಮುಖ ಇರಲಿಲ್ಲ. ಫೈಲುಗಳನ್ನು ಅಲ್ಲೇ ಎಸೆದು ಓಡಿದೆ. ರಾಯರ ಮೆಟ್ಟಿಲು, ಅವರ ಗೇಟು, ನಮ್ಮ ಗೇಟು, ಅದರ ಕೊಂಡಿ ಸಿಕ್ಕಿಕೊಂಡಿತು, ಬಿಡಿಸಿದೆ. ಹಾಲಿಗೆ ಕಾಲಿಟ್ಟಾಗ ನಮ್ಮ ಎಚ್‌ಡಿಯಲ್ಲೂ ಅದೇ ಮುದ್ದೆ, ಆದರೆ ಕಿವಿ ಮೂಗುಗಳ ಸಮೇತ. ಒಂದೇ ಘಟನೆಯನ್ನು ಎರಡು ಸಲ ಮೊದಲ ಬಾರಿಗೆ ನೋಡುವ ಅವಕಾಶ ಮೈಸೂರಿನಲ್ಲಿ ಅವತ್ತು ನನ್ನೊಬ್ಬಳಿಗೇ ಇತ್ತು. ಎರಡನ್ನೂ ಕಳೆದುಕೊಂಡೆ.

ಜಯಮ್ಮ ಟಿವಿಯಿಂದ ಒಂದು ಗೇಣು ದೂರದಲ್ಲಿ ನಿಂತಿದ್ದರು. ಅಮ್ಮ ಅಳುತ್ತಾ ನಗುತ್ತಾ ಪುಸ್ತಕ ತೋರಿಸಿದಳು. ಹದಿನೆಂಟನೆಯ ಬಾಲಿನ ಮನೆಯಲ್ಲಿ ಸರಿ ಗುರುತು ಇತ್ತು.

"ನೋಡಿದ್ರಾ? ನಾನು ಯಾವ ಫೈಲೂ ಎತ್ತಿರಲಿಲ್ವಲ್ಲ ಜಯಮ್ಮ. ನಿಯಮದ ಪ್ರಕಾರ ನೀವು..."

"ನಿನ್ನ ನಿಯಮ ಅತ್ಲಾಗಿಡವ್ವ!" ಎಂದು ಅವರು ತಿರುಗಿದರು. ಮುಖ ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀನೂ ಏನೂ ಎತ್ತಲಿಲ್ಲ, ರಾಯರೂ ಕೂಗಲಿಲ್ಲ. ನನ್ನ ಮಗಂಗೆ ಏನೋ ಆಗದೆ ಅಂತ ಗೊತ್ತಾಗೋಯ್ತು. ಅವನಿಗೆ ಏನೋ ಆಗಿರೋವಾಗ ನಾನು ಕಣ್ಣು ಮುಚ್ಕೊಂಡು ಕೂತಿರಾಕಾಯ್ತದಾ? ಬಿದ್ದ, ನೋಡ್ದೆ. ಎದ್ದ, ಅದನ್ನೂ ನೋಡ್ದೆ." ಸ್ವಲ್ಪ ತಡೆದು, "ಎಡಗೈ ಊರಿಕೊಂಡೇ ಎದ್ದ. ಮುರಿದಿದ್ದ ಕೈ. ಗಟ್ಟಿಯಾಗದೆ" ಎಂದರು.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಇಡೀ ಮಧ್ಯಾಹ್ನ ತಡೆಹಿಡಿದಿದ್ದ ಕೂಗುಗಳೆಲ್ಲ ಒಟ್ಟಿಗೆ ಹೊರಬಂದವು. ಕೂಗಿ ಮುಗಿಸಿ ರಾಯರೇ ನಮ್ಮ ಹಾಲಿಗೆ ಬಂದರು. "ಎಡಗೈಯಲ್ಲ ಜಯಮ್ಮ, ಬಲಗೈ. ಬಲಗೈ ಊರಿಕೊಂಡು ಎದ್ದ. ನಾನು ಕಣ್ಣಾರೆ ನೋಡಿದೆ."

"ಸಾರ್, ನಿಮ್ಮ ಟಿವೀಲಿ ಕೈ ಯಾವ್ದು ಕಾಲ್ಯಾವ್ದು ಗೊತ್ತಾಯ್ತದಾ?"

"ನಾನು ನಲವತ್ತು ವರ್ಷ ಪರೀಕ್ಷೆ ಹಾಲಿನಲ್ಲಿ ಕೈಗಳನ್ನೇ ನೋಡಿದವನು ಕಣಮ್ಮ!"

ಇಬ್ಬರೂ ನನ್ನ ಕಡೆ ತಿರುಗಿದರು. ಎಲ್ಲವನ್ನೂ ಬರೆದಿಡುವವಳು ಮನೆಯಲ್ಲಿ ಒಬ್ಬಳಿದ್ದಾಳಲ್ಲ! ನಾನು ಪೆನ್ನಿನ ಮುಚ್ಚಳ ಹುಡುಕುವವಳಂತೆ ನೆಲ ನೋಡಿದೆ. ಟಿವಿಯಲ್ಲಿ ಕ್ಯಾಚನ್ನು ಆರು ಸಲ ಮತ್ತೆ ತೋರಿಸಿದರು, ಮೂರು ದಿಕ್ಕಿನಿಂದ ತೋರಿಸಿದರು. ಪ್ರತಿ ಸಲವೂ ಅವನು ನೆಲಕ್ಕೆ ಬಿದ್ದ ಕೂಡಲೇ ನಮ್ಮ ಕ್ಯಾಪ್ಟನ್ ಎರಡು ಕೈ ಮೇಲೆತ್ತಿ ಓಡುವುದಕ್ಕೆ ಚಿತ್ರ ಬದಲಾಗುತ್ತಿತ್ತು. ಬೀಳುವುದು ಎಲ್ಲರಿಗೂ ಬೇಕು, ಏಳುವುದು ಯಾರಿಗೂ ಬೇಡ.

ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಚೇತನ್ ಬಂದ. ಮೊಣಕೈ ತರಚಿತ್ತು, ಭುಜ ಊದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಮುಂದಿನ ವರ್ಷದ ವಿಷಯ ತಂಡದವರು ಇನ್ನೂ ಏನೂ ಹೇಳಿಲ್ಲವಂತೆ. ಬ್ಯಾಗು ಇಳಿಸುವ ಮೊದಲೇ, "ಎಷ್ಟು ಬಾಲ್ ನೋಡ್ದೆ?" ಎಂದ. ಜಯಮ್ಮ "ಒಂಬತ್ತು" ಎಂದರು. ಅವನು ನಂಬದೆ ನನ್ನನ್ನು ನೋಡಿದ. ನಾನು ಅಮ್ಮನ ಪುಸ್ತಕ ಕೊಟ್ಟೆ. ಗುರುತುಗಳ ಮೇಲೆ ಬೆರಳಾಡಿಸಿ ಕೊನೆಯ ಮನೆಯ ಮೇಲೆ ಬೆರಳು ನಿಲ್ಲಿಸಿದ. "ಇದನ್ನೂನಾ?" ಎಂದ. "ಇದನ್ನೇ ಸರಿಯಾಗಿ ನೋಡಿದ್ದು" ಎಂದರು ಜಯಮ್ಮ. ಅವನು ಬಹಳ ಹೊತ್ತು ಆ ಪುಸ್ತಕವನ್ನು ಮುಚ್ಚಲಿಲ್ಲ. ಆಮೇಲೆ ನಾನು, ಆದಷ್ಟು ಸಹಜವಾಗಿ, ಯಾವ ಕೈ ಊರಿ ಎದ್ದೆ ಎಂದು ಕೇಳಿದೆ. "ಗೊತ್ತಿಲ್ಲ ಅಕ್ಕ. ಯಾರೋ ಎಬ್ಬಿಸಿದ್ರು ಅನ್ಸುತ್ತೆ. ಯಾಕೆ, ನೀವು ನೋಡ್ಲಿಲ್ವಾ?"

ಭಾನುವಾರದ ಪುಟದಲ್ಲಿ ಹದಿನೇಳು ಬಾಲುಗಳ ಸಮಯ, ಬಣ್ಣ, ಫಲಿತಾಂಶ ಎಲ್ಲ ಇವೆ. ಹದಿನೆಂಟನೆಯದರ ಎದುರು ಮೂರು ಹೇಳಿಕೆಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ. ಕಾರ್ಖಾನೆಯಲ್ಲಾಗಿದ್ದರೆ ಇಂಥ ಮಾಲನ್ನು ಪಕ್ಕಕ್ಕಿಟ್ಟು ಇನ್ನೊಬ್ಬರಿಂದ ಅಳತೆ ಮಾಡಿಸುತ್ತಿದ್ದೆವು. ಆದ್ದರಿಂದ ಓದುಗರಲ್ಲಿ ಬೇಡಿಕೊಳ್ಳುತ್ತೇನೆ: ಆ ಭಾನುವಾರ ಸಂಜೆ ನೀವೂ ಆ ಪಂದ್ಯ ನೋಡಿದ್ದರೆ, ನಮ್ಮ ಹುಡುಗ ನೆಲದಿಂದ ಎದ್ದದ್ದು ಹೇಗೆ, ಎಡಗೈಯೋ ಬಲಗೈಯೋ, ತಾನಾಗಿಯೋ ಯಾರಾದರೂ ಹಿಡಿದೋ ಎಂಬುದು ನೆನಪಿದ್ದರೆ, ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ನೋಡಿದ್ದು ಎಚ್‌ಡಿಯಲ್ಲೋ ಸಾದಾ ಚಾನೆಲಿನಲ್ಲೋ ಎಂಬುದನ್ನು ನಮೂದಿಸಿದರೆ ಅನುಕೂಲ. ಆ ಹೊತ್ತಿನಲ್ಲಿ ನಿಮ್ಮ ಕಣ್ಣು ತೆರೆದಿತ್ತೇ ಎಂದು ಕೂಡ ಕೇಳಬೇಕು, ಪದ್ಧತಿಯ ಪ್ರಕಾರ. ಆದರೆ ಅದನ್ನು ಕೇಳುವ ಮುಖ ನನಗಿಲ್ಲ.